ಮೊದಲ ಬೊಗಸೆ

ನಮ್ಮೂರ ಕಾಲುವೆಯಲ್ಲಿ ನೀರಿದ್ದಾಗ ಅದು ಚೆಂದ. ಹಂಪಿಗೆ ಬಂದ ಪ್ರವಾಸಿಗರು ಸ್ಕೂಟರ್ ನಿಲ್ಲಿಸಿ ಫೋಟೊ ಹೊಡೆದುಕೊಳ್ಳುವಷ್ಟು ಚೆಂದ. ಎರಡೂ ದಂಡೆಗೆ ಬಾಳೆ, ಆಚೆ ಭತ್ತದ ಗದ್ದೆ, ಅದರಾಚೆ ಬಂಡೆಗುಡ್ಡ. ಆದರೆ ಬೇಸಿಗೆಯಲ್ಲಿ ಒಂದು ತಿಂಗಳು ಮೇಲಿನ ತೂಬು ಇಳಿಸಿ ನೀರು ನಿಲ್ಲಿಸುತ್ತಾರೆ. ಆಗ ಬಂದು ನೋಡಬೇಕು. ನಾನು ಹೇಳಹೊರಟಿರುವುದು ಆ ತಿಂಗಳ ಸಂಗತಿ. ಊಟಕ್ಕೆ ಕೂತವರು ಎಲೆ ಎತ್ತಿದ ಮೇಲೆ ಓದಿದರೆ ಒಳ್ಳೆಯದು.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಿಂದ ತುಸು ಒಳಗಿದೆ ನಮ್ಮೂರು. ವಿಜಯನಗರದ ರಾಯರ ಕಾಲದ ದೊಡ್ಡ ಕಾಲುವೆಯಿಂದ ಒಂದು ಮರಿಗಾಲುವೆ ಕವಲೊಡೆದು, ಊರ ನಡುವೆ ಹಾದು, ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ನೀರಗಂಟಿ. ನನ್ನ ಮಾವ, ಅಂದರೆ ನನ್ನ ಗಂಡನ ಅಪ್ಪ, ನಲವತ್ತು ವರ್ಷಕ್ಕೂ ಮಿಕ್ಕಿ ಈ ಊರಿನ ನೀರಗಂಟಿ. ವಯಸ್ಸು ಎಂಬತ್ತರ ಹತ್ತಿರ ಬಂದರೂ ಆ ಕೆಲಸ ಬಿಟ್ಟಿಲ್ಲ, ಯಾರೂ ಬಿಡಿಸಿಯೂ ಇಲ್ಲ.

ಊರಲ್ಲೊಂದು ಪದ್ಧತಿ ಇದೆ. ಕಾಲುವೆ ನಿಂತ ತಿಂಗಳಲ್ಲಿ ಗದ್ದೆ ಇರುವ ಪ್ರತಿ ಮನೆಯಿಂದ ಒಬ್ಬರು ಸಲಿಕೆ ಹಿಡಿದು ಇಳಿದು ಹೂಳು ಎತ್ತಬೇಕು. ಮತ್ತೆ ನೀರು ಬಿಟ್ಟ ದಿನ, ಊರು ದಾಟಿ ಬಂದ ಮೊದಲ ನೀರನ್ನು ನೀರಗಂಟಿ ಬೊಗಸೆಯಲ್ಲಿ ಹಿಡಿದು ಎಲ್ಲರೆದುರು ಕುಡಿಯಬೇಕು. ಅದು ನಡೆಯುವುದು ಗದ್ದೆಗಳು ಶುರುವಾಗುವ ಕಲ್ಲಿನ ಮೆಟ್ಟಿಲ ಹತ್ತಿರ. ಕುಡಿದು "ಬೇಸೈತಿ, ಬಿಡ್ರಿ" ಅಂದರೆ ಗದ್ದೆಗಳಿಗೆ ನೀರು. ನಮ್ಮ ಕಡೆ ಬೇಸು ಅಂದರೆ ಚೆನ್ನಾಗಿದೆ ಎಂದರ್ಥ. ಕುಡಿಯದೆ ಉಗುಳಿದರೆ ಮೇಲಿನ ತೂಬು ಮತ್ತೆ ಇಳಿಯುತ್ತದೆ, ಊರಿಗೆ ಊರೇ ಮತ್ತೆ ಕಾಲುವೆಗೆ ಇಳಿಯಬೇಕು. ಮಾವನ ಅಪ್ಪ ಒಮ್ಮೆ ಉಗುಳಿದ್ದರಂತೆ. ಮೇಲೆ ಯಾರೋ ಸತ್ತ ಕರುವನ್ನು ಹೂಳದೆ ಕಾಲುವೆಗೆ ಬಿಟ್ಟಿದ್ದರಂತೆ. ಮಾವ ಮಾತ್ರ ಒಂದು ವರ್ಷವೂ ಉಗುಳಿದವರಲ್ಲ.

ನನ್ನ ತವರು ಸಂಡೂರಿನ ಕಡೆ. ಗಣಿ ಕೆಲಸ ಜೋರಾಗಿದ್ದ ವರ್ಷಗಳಲ್ಲಿ ನಮ್ಮ ಮನೆ ಹಿಂದಿನ ಹಳ್ಳ ಮಳೆ ಬಂದರೆ ಕುಂಕುಮ ಕಲಸಿದ ಹಾಗೆ ಹರಿಯುತ್ತಿತ್ತು. ನಮ್ಮವ್ವ ಬಿಳಿ ಬಟ್ಟೆ ಕೊಳ್ಳುತ್ತಲೇ ಇರಲಿಲ್ಲ. ಅಂಥ ಕಡೆಯಿಂದ ಸೊಸೆಯಾಗಿ ಬಂದ ನಾನು, ಮೊದಲ ವರ್ಷ ಮಾವ ಕಾಲುವೆಗೆ ಬಗ್ಗಿ ನೀರೆತ್ತಿ ಕುಡಿದದ್ದನ್ನು ಕಂಡು ಬೆರಗಾಗಿ ನಿಂತಿದ್ದೆ. ಅವರು ಹೋದ ಮೇಲೆ ನಾನೂ ಕದ್ದು ಒಂದು ಬೊಗಸೆ ಕುಡಿದೆ. ತಂಪಾಗಿತ್ತು, ಸ್ವಲ್ಪ ಕೆಸರಿನ ವಾಸನೆ ಇತ್ತು, ಅಷ್ಟೆ.

ಈಗ ಆ ನೀರನ್ನು ಊರಲ್ಲಿ ಮಾವನನ್ನು ಬಿಟ್ಟು ಒಬ್ಬರೂ ಬಾಯಿಗೆ ಇಡುವುದಿಲ್ಲ. ಎಲ್ಲರ ಮನೆಯಲ್ಲೂ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನು. ಆದರೂ ನೀರು ಬಿಡುವ ದಿನ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಬಂದು, ತೆಂಗಿನಕಾಯಿ ಒಡೆದು, ಅರಿಶಿನ ಕುಂಕುಮ ಹಾಕಿ, ಮುದುಕ ಕುಡಿಯುವುದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕುತ್ತಾರೆ. ಕಾಯಿ ತಂದ ಪ್ಲಾಸ್ಟಿಕ್ ಚೀಲ ಅಲ್ಲೇ ನೀರಿಗೆ. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತದೆ.

ಹೋದ ವರ್ಷ ಬೊಗಸೆ ಎತ್ತಿದ ಮಾವ ಒಂದು ಕ್ಷಣ ತಡೆದರು. ಮೂಗು ಅರಳಿದ್ದು ನನಗೆ ಕಂಡಿತು. ಆಮೇಲೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ನುಂಗಿ, ಕೆಮ್ಮುತ್ತ "ಬೇಸೈತಿ, ಬಿಡ್ರಿ" ಅಂದರು. ಜನ ಚಪ್ಪಾಳೆ ಹೊಡೆದರು. ಮೂರನೇ ದಿನಕ್ಕೆ ವಾಂತಿ ಭೇದಿ ಶುರುವಾಗಿ, ಹೊಸಪೇಟೆಯ ಆಸ್ಪತ್ರೆಯಲ್ಲಿ ಎಂಟು ದಿನ ಬಾಟಲಿ ಏರಿಸಿದರು. ಬಟ್ಟೆ, ಹಾಸಿಗೆ, ಎಲ್ಲವನ್ನೂ ತೊಳೆದವಳು ನಾನು, ಹಾಗಾಗಿ ಅದರ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಬಿಡುಗಡೆ ಮಾಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಹಿಂಗಾದ್ರ ಅಜ್ಜ ಉಳಿಯಂಗಿಲ್ರಿ ಅಮ್ಮಾರ. ಕಿಡ್ನಿ ತಡಿಯಂಗಿಲ್ಲ" ಎಂದರು.

ಮನೆಗೆ ಬಂದ ಮೇಲೆ ಮಾವನ ಹತ್ತಿರ ಕೂತು ಹೇಳಿದೆ. "ಮಾವ, ಬರೋ ವರ್ಷ ಕುಡಿಯೋದು ಬ್ಯಾಡ್ರಿ. ಕೈಯಾಗ ಹಿಡದು ಬಿಟ್ರ ಸಾಕು."

"ಕುಡಿಯದಿದ್ರ ನೀರಗಂಟಿ ಯಾಕ ಬೇಕವ್ವ?" ಅಂದರು. ಅಷ್ಟೇ ಮಾತು. ನನ್ನ ಗಂಡನಿಗೆ ಹೇಳಿದರೆ, "ನಮ್ಮಪ್ಪ ಯಾವತ್ತು ಯಾರ ಮಾತು ಕೇಳ್ಯಾನ?" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಈ ಮನೆಯ ಗಂಡಸರ ಜೊತೆ ಮಾತಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಮುದುಕರನ್ನು ಬದಲಾಯಿಸಲು ಆಗುವುದಿಲ್ಲ, ಕಾಲುವೆಯನ್ನಾದರೂ ನೋಡೋಣ ಎಂದು ನಾನು ಆವತ್ತೇ ತೀರ್ಮಾನಿಸಿದೆ.

ಈ ಬೇಸಿಗೆಯಲ್ಲಿ ತೂಬು ಇಳಿಸಿದ ಮಾರನೆಯ ವಾರ, ನಮ್ಮ ಗದ್ದೆಗೆ ನಾಟಿಗೆ ಬರುವ ಹೆಂಗಸಿನ ಮನೆಗೆ ಹೋದೆ. ಇತ್ತೀಚೆಗೆ ಊರಿನ ಯಾವ ಮನೆಯವರೂ ತಾವೇ ಕಾಲುವೆಗೆ ಇಳಿಯುವುದಿಲ್ಲ. ಕೂಲಿಯವರನ್ನು ಇಳಿಸುತ್ತಾರೆ, ಅವರಲ್ಲಿ ಈಕೆಯೇ ಮುಂದು. ಈಕೆಯ ಮನೆಯವರು ಬೌದ್ಧರಾಗಿದ್ದಾರೆ. ಮಗಳು ಕಂಪ್ಲಿಯಲ್ಲಿ ನರ್ಸ್. ಈಕೆ ನನಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ನಾನು ಬಂದ ಕಾರಣ ಕೇಳಿ, ಆಗುವುದಿಲ್ಲ ಎಂದಳು.

"ಗದ್ದಿ ಕೆಲಸ ಹೇಳ್ರಿ ಅಕ್ಕಾರ, ಬರ್ತೀನಿ. ಮಂದಿ ಹೊಲಸು ಎತ್ತಾಕ ಇನ್ನ ಬರಂಗಿಲ್ಲ. ನಮ್ಮ ಹಿರೇರು ಎತ್ತಿ ಎತ್ತಿ ಸಾಕಾಗೈತಿ. ನಿಮ್ಮ ಮಂದಿಗೆ ಕೈ ಇಲ್ಲೇನ್ರಿ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿದೆ, ಸಿಗಲಿಲ್ಲ. ನಾನೇ ಇಳಿಯುತ್ತೇನೆ, ನೀನು ದಂಡೆ ಮೇಲೆ ನಡೆದುಕೊಂಡು ಎಲ್ಲೆಲ್ಲಿ ಏನೇನು ಬರುತ್ತದೆ ಎಂದು ತೋರಿಸಿದರೆ ಸಾಕು ಎಂದೆ. ಅವಳು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ, "ಇಳೀತೀರಿ?" ಎಂದು ನಕ್ಕು ಒಪ್ಪಿಕೊಂಡಳು.

ಮೇಲಿನ ತೂಬಿನಿಂದ ಶುರು ಮಾಡಿದೆವು. ಅವಳು ಮೇಲೆ ಕೊಡೆ ಹಿಡಿದು, ನಾನು ಕೆಳಗೆ ಸೀರೆ ಎತ್ತಿ ಕಟ್ಟಿ. ಮೊಣಕಾಲ ತನಕ ಕರೀ ರಾಡಿ, ಅದರೊಳಗೆ ಕಾಲಿಟ್ಟರೆ ಗುಳ್ಳೆ ಎದ್ದು ಒಡೆಯುತ್ತಿತ್ತು. ಆ ವಾಸನೆಗೆ ಎರಡು ಸಲ ಕಕ್ಕಿದೆ. ಸಿಮೆಂಟ್ ಚೀಲದಲ್ಲಿ ಕಟ್ಟಿ ಎಸೆದ ಕೋಳಿ ಕರುಳು, ಪುಕ್ಕ. ನೀರು ಕುಡಿದು ದಿಂಬಿನಷ್ಟು ಉಬ್ಬಿದ ಕೂಸಿನ ಪ್ಯಾಡುಗಳು. ಕ್ಷೌರದಂಗಡಿಯ ಕೂದಲು, ಉಂಡೆ ಉಂಡೆ. ಸಾರಾಯಿ ಪಾಕೀಟು, ಬಾಳೆಗೆ ಹೊಡೆಯುವ ಔಷಧಿಯ ಬಾಟಲಿ, ಗಾಜು ಒಡೆದ ದೇವರ ಫೋಟೊಗಳು. ಮನೆಯಲ್ಲಿ ಇಟ್ಟುಕೊಳ್ಳಲು ಹೆದರಿಕೆ, ಕಸಕ್ಕೆ ಹಾಕಲೂ ಹೆದರಿಕೆ, ಅದಕ್ಕೇ ದೇವರನ್ನು ಗಂಗವ್ವನ ಪಾಲು ಮಾಡಿದ್ದಾರೆ, ಕೋಳಿ ಕರುಳಿನ ಪಕ್ಕಕ್ಕೆ. ಥೂ ನಮ್ಮ ಭಕ್ತಿಗೆ ಬೆಂಕಿ ಬೀಳಲಿ!

ಇದೆಲ್ಲ ಕೈಯಲ್ಲಿ ಎತ್ತಿ ಹಾಕಬಹುದಾದ ಹೊಲಸು, ದಂಡೆಗೆ ಎತ್ತಿ ಹಾಕುತ್ತಲೇ ಹೋದೆ. ಅದಕ್ಕಿಂತ ಕೆಟ್ಟದ್ದು ಪೈಪುಗಳು. ನೀರು ತುಂಬಿದ್ದಾಗ ಅವು ಮುಳುಗಿರುತ್ತವೆ, ಯಾರಿಗೂ ಕಾಣುವುದಿಲ್ಲ. ಈಗ ಬತ್ತಿದ ದಂಡೆಯಲ್ಲಿ ಒಂದೊಂದೇ ಬಾಯಿ ತೆರೆದುಕೊಂಡು ತೊಟ್ಟಿಕ್ಕುತ್ತಿದ್ದವು. ಅವು ಯಾಕೆ ಬಂದವು ಎಂದು ಹೇಳಬೇಕು. ನಮ್ಮದು ವರ್ಷವಿಡೀ ಗದ್ದೆಯಲ್ಲಿ ನೀರು ನಿಲ್ಲುವ ನೆಲ. ಮೂರಡಿ ಅಗೆದರೆ ಜಲ. ಪಾಯಖಾನೆಗೆ ಗುಂಡಿ ತೋಡಿದರೆ ಅದು ಇಂಗುವ ಬದಲು ಕೆಳಗಿನಿಂದಲೇ ತುಂಬಿಕೊಳ್ಳುತ್ತದೆ. ಮನೆ ಕಟ್ಟುವ ಗೌಂಡಿಗಳು ಅದಕ್ಕೊಂದು ಉಪಾಯ ಕಂಡುಕೊಂಡರು. ಗುಂಡಿಯ ಮೇಲ್ಭಾಗದಲ್ಲಿ ಒಂದು ಪೈಪು ಕೂರಿಸಿ ಕಾಲುವೆಗೆ ಬಿಡುವುದು, ಅದಕ್ಕೆ ಓವರ್‌ಫ್ಲೋ ಎಂದು ಹೆಸರಿಡುವುದು. ಹೆಸರು ಇಂಗ್ಲಿಷಿನಲ್ಲಿ ಇದ್ದುದರಿಂದ ಅದರಲ್ಲಿ ಏನು ಹರಿಯುತ್ತದೆ ಎಂದು ಯಾರೂ ಕೇಳಲಿಲ್ಲ.

ನಾನು ಒಂದೊಂದು ಪೈಪಿನ ಮನೆಗೂ ಹೋಗಿ, ರಾಡಿ ಕಾಲಿನಲ್ಲೇ ಅಂಗಳದಲ್ಲಿ ನಿಂತು ಬೈದೆ. ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಅದು ಬರೀ ಓವರ್‌ಫ್ಲೋ." ಹಂಪಿಯ ಪ್ರವಾಸಿಗರಿಗೆಂದು ಹೋಮ್‌ಸ್ಟೇ ಮಾಡಿರುವ ಓದಿದ ಹುಡುಗನ ಮನೆಯ ಪೈಪು ಎಲ್ಲಕ್ಕಿಂತ ದಪ್ಪ, ನನ್ನ ತೊಡೆಯಷ್ಟಿತ್ತು. ಹಸಿರು ಬಣ್ಣ ಬಳಿದಿದ್ದ. ಗೇಟಿನಲ್ಲಿ ಪ್ರಕೃತಿಯ ಮಡಿಲಲ್ಲಿ ವಿಶ್ರಮಿಸಿ ಎಂದು ಬೋರ್ಡು.

"ಆಂಟಿ, ಹರಿಯೋ ನೀರಾಗ ಏನೂ ಉಳಿಯಂಗಿಲ್ಲ. ಹೋಗಿಬಿಡ್ತೈತಿ," ಎಂದ.

"ಎಲ್ಲಿಗಪ್ಪ ಹೋಗ್ತೈತಿ?"

"ಕೆಳಗ."

"ಕೆಳಗ ಯಾರದಾರ? ನಾವ ಅದೀವಲ್ಲೋ!"

ಅವನು ಮೊಬೈಲು ನೋಡುತ್ತ ನಿಂತ. ನಮ್ಮ ಮಾವ ಸಾಯಲು ಬಿದ್ದದ್ದನ್ನು ಹೇಳಿದೆ. ಅಜ್ಜ ಕುಡಿಯುವ ವೀಡಿಯೊ ತಮ್ಮ ಪೇಜಿನಲ್ಲಿ ಭಾಳ ಮಂದಿ ನೋಡಿದ್ದಾರೆ ಎಂದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಕೈ ರಾಡಿಯಾಗಿತ್ತು, ಬಿಟ್ಟೆ. ಈಗ ಅನ್ನಿಸುತ್ತದೆ, ರಾಡಿಯಾಗಿದ್ದಾಗಲೇ ಬಾರಿಸಬೇಕಿತ್ತು.

ಹೀಗೆ ಹತ್ತು ಪೈಪು, ಹತ್ತು ಮನೆ. ಹೊತ್ತು ಇಳಿಯುವಷ್ಟರಲ್ಲಿ ನಮ್ಮ ಮನೆಯ ಹಿತ್ತಿಲ ಹತ್ತಿರ ಬಂದೆವು. ಅದು ದಾಟಿದರೆ ನೀರು ಕುಡಿಯುವ ಮೆಟ್ಟಿಲು. ಇನ್ನು ಮುಗಿಯಿತು ಎಂದು ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ. ದಂಡೆ ಮೇಲಿದ್ದ ಹೆಂಗಸು ಕೊಡೆ ಮಡಚಿ, ಅದರ ತುದಿಯಿಂದ ನಮ್ಮ ಬಾಳೆ ಗುಂಪಿನ ಬುಡದ ಹುಲ್ಲನ್ನು ಪಕ್ಕಕ್ಕೆ ಸರಿಸಿದಳು.

"ಇದೂ ಒಂದು ಐತ್ರಿ ಅಕ್ಕಾರ."

ಪೈಪು. ಅದರ ಕೆಳಗೆ ಹಸಿರುಗಪ್ಪು ಲೋಳೆ, ಅದರ ಮೇಲೆ ನೊಣಗಳು.

"ಯಾರದು?" ಎಂದು ಕೇಳಿದೆ. ಅಂಥ ದಡ್ಡ ಪ್ರಶ್ನೆಯನ್ನು ನಾನು ಜೀವನದಲ್ಲಿ ಕೇಳಿಲ್ಲ.

"ನಿಮ್ಮದ. ನಾಕು ವರ್ಷದಿಂದ ನಾನು ಹೂಳು ತಗದು ಬುಟ್ಟಿ ಹೊತ್ತಿದ್ದು ಇದರ ಕೆಳಗಿಂದಾನ. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

ಆರು ವರ್ಷದ ಹಿಂದೆ ಆ ಪಾಯಖಾನೆ ಹಠ ಹಿಡಿದು ಕಟ್ಟಿಸಿದವಳು ನಾನೇ. ಚೊಂಬು ಹಿಡಿದು ಬಯಲಿಗೆ ಹೋಗುವುದು ಇನ್ನು ನನ್ನಿಂದಾಗದು ಎಂದು ಎರಡು ದಿನ ಒಲೆ ಹಚ್ಚದೆ ಕೂತಿದ್ದೆ. ಗುಂಡಿ ತುಂಬಿಕೊಳ್ಳುತ್ತಿದೆ ಎಂದಾಗ ಗೌಂಡಿ, "ಒಂದು ಓವರ್‌ಫ್ಲೋ ಕೊಟ್ಟೀನಿ ಅಮ್ಮಾರ, ಚಿಂತಿ ಬಿಡ್ರಿ" ಎಂದಿದ್ದ. ನಾನು ಖುಷಿಯಾಗಿ ಅವನಿಗೆ ಏಲಕ್ಕಿ ಹಾಕಿ ಚಹಾ ಮಾಡಿಕೊಟ್ಟೆ. ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲೂ ಕಾಲುವೆಗೆ ಇಳಿಯಲಿಲ್ಲ.

ಹತ್ತು ಮನೆಯವರನ್ನು ಬೈದ ಬಾಯಿ ಅಲ್ಲೇ ಒಣಗಿತು. ದಂಡೆ ಹತ್ತಲು ಆ ಹೆಂಗಸು ಕೈ ಕೊಟ್ಟಳು. ನಾನು ಹಿಡಿಯಲಿಲ್ಲ, ನನ್ನ ಕೈ ಅಷ್ಟು ಹೇಸಿಗೆ ಆಗಿತ್ತು. ಅವಳೇ ರಟ್ಟೆ ಹಿಡಿದು ಎಳೆದುಕೊಂಡಳು.

ಮೂರು ಸಲ ಸೋಪು ಹಚ್ಚಿ ಸ್ನಾನ ಮಾಡಿದೆ. ಆ ಸ್ನಾನದ ನೀರೂ ಎಲ್ಲಿಗೆ ಹೋಗುತ್ತಿದೆ ಎಂದು ನೆನಪಾದ ಮೇಲೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಬಂದೆ. ಮಾವ ಕಟ್ಟೆ ಮೇಲೆ ಕೂತು ಹಾಲಿನಲ್ಲಿ ರೊಟ್ಟಿ ನೆನೆಸಿಕೊಂಡು ತಿನ್ನುತ್ತಿದ್ದರು.

"ಮಾವ, ಹಿತ್ತಲದಾಗ ನಮ್ಮ ಪೈಪು ಕಾಲುವಿಗೆ ಬಿಟ್ಟೈತಿ. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನವ್ವ. ನಾ ನೀರಗಂಟಿ."

"ಹೋದ ವರ್ಷ ನೀರು ನಾರಿದ್ದು ಗೊತ್ತಾತಲ್ರಿ ನಿಮಗ? ನಾ ನೋಡೀನಿ ನಿಮ್ಮ ಮುಖ. ಮತ್ಯಾಕ ನುಂಗಿದ್ರಿ? ಉಗುಳೋದಲ್ಲೇನ್ರಿ?"

ಅವರು ರೊಟ್ಟಿಯ ತುಣುಕು ಬಾಯಿಗಿಟ್ಟು ನಿಧಾನಕ್ಕೆ ನಮಲಿದರು. "ಉಗುಳಿದ್ರ ಮಂದಿ ಎಲ್ಲಾ ಹೊಲಸು ಎಲ್ಲಿಂದ ಬಂತು ಅಂತ ಮೆಟ್ಟಿಲಿಂದ ಮ್ಯಾಲ ಹುಡುಕ್ಕೊಂತ ಹೋಗ್ತಿದ್ರು. ಮೊದ್ಲು ಸಿಗೋದು ನಮ್ಮದ. ಪಾಯಖಾನಿ ಕಟ್ಟಿಸಿದಾಕಿ ನೀನು. ಸೊಸಿನ್ನ ಊರ ಮುಂದ ನಿಲ್ಲಿಸಿ ಉಗುಳಸ್ಲೇನು?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೇಸಿಗೆ ಬಂತು. ನನ್ನ ಮಾನ ಉಳಿಸಲು ಈ ಮುದುಕ ನನ್ನ ಹೊಲಸನ್ನೇ ನುಂಗಿ ಸಾಯಲು ಹೋಗಿದ್ದರು. ಆಸ್ಪತ್ರೆಯಲ್ಲಿ ಅವರ ಹಾಸಿಗೆ ತೊಳೆಯುತ್ತ ನಾನು ಎಂಟು ದಿನ ಊರನ್ನೆಲ್ಲ ಶಪಿಸಿದ್ದೆ. ಈ ವರ್ಷ ನೀರು ಬಂದರೆ ಇವರು ಮತ್ತೆ ನುಂಗುವವರೇ, ಅದೇ ಕಾರಣಕ್ಕೆ.

ಮಾರನೆಯ ದಿನವೇ ಪೈಪು ಕತ್ತರಿಸಿ, ಬಾಯಿಗೆ ಸಿಮೆಂಟು ಮೆತ್ತಿಸಿದೆ. ಗಂಡ ಗೊಣಗಿದ, "ಊರೆಲ್ಲಾ ಬಿಟ್ಟೈತಿ, ನಾವೊಬ್ರು ಮುಚ್ಚಿದ್ರ ಏನಾತು?" ಎಂದು. ನೀನೇ ಕುಡಿಯುವುದಾದರೆ ತೆರೆದಿಡುತ್ತೇನೆ ಎಂದೆ. ಹಿತ್ತಿಲಲ್ಲಿ ಮಣ್ಣು ಏರಿಸಿ ಎತ್ತರ ಮಾಡಿ, ಅದರ ಮೇಲೆ ಮೂರು ಖಾನೆಯ ತೊಟ್ಟಿ ಕಟ್ಟಿಸಿ, ಕೊನೆಯ ನೀರು ಬಾಳೆಯ ಬುಡಕ್ಕೆ ಇಂಗುವ ಹಾಗೆ ಮಾಡಿದೆವು. ಪಾಯಖಾನೆಗೆ ಈಗ ಏಳು ಮೆಟ್ಟಿಲು ಹತ್ತಿ ಹೋಗಬೇಕು. ಓಣಿಯವರು ಅದಕ್ಕೆ ಗೋಪುರ ಎಂದು ಹೆಸರಿಟ್ಟು ನಗುತ್ತಾರೆ. ನಗಲಿ.

ರೈತರ ಸಭೆಯಲ್ಲಿ ನಿಂತು, ಮೆಟ್ಟಿಲಿಗೆ ಹತ್ತಿರದ ಪೈಪು ನಮ್ಮದೇ ಆಗಿತ್ತು, ಮುಚ್ಚಿದ್ದೇನೆ, ಇನ್ನು ಹತ್ತು ಇವೆ ಎಂದು ಹೇಳಿದೆ. ಯಾವ ಮನೆಗಳವು ಎಂದೂ ಹೇಳಿದೆ. ಕೆಲವರು ಮುಖ ತಿರುಗಿಸಿದರು, ಕೆಲವರು ಪಾಯಖಾನೆ ಮಾತನ್ನು ಹೆಂಗಸು ಸಭೆಯಲ್ಲಿ ಆಡಬಹುದೇ ಎಂದು ತಗಾದೆ ತೆಗೆದರು. ನೀರು ಬರುವಷ್ಟರಲ್ಲಿ ನಾಲ್ಕು ಮನೆಯವರು ಮುಚ್ಚಿಸಿದರು. ಆರು ಮನೆಯವರು ಇವತ್ತು ನಾಳೆ ಎಂದರು. ಹೋಮ್‌ಸ್ಟೇ ಹುಡುಗ ತನ್ನ ಪೈಪಿನ ಮುಂದೆ ಎರಡು ಹೂವಿನ ಕುಂಡ ಇಟ್ಟ.

ನೀರು ಬಿಟ್ಟ ದಿನ ಮಾವ ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೋಲು ಊರಿಕೊಂಡು ಮೆಟ್ಟಿಲಿಗೆ ಬಂದರು. ನಾನು ಅವರ ಹಿಂದೆಯೇ ಇಳಿದೆ. ಕಸ, ನೊರೆ, ಒಣ ಎಲೆ ಮುಂದೆ ತಳ್ಳಿಕೊಂಡು ನೀರು ಬಂತು. ಎಲ್ಲರ ಮೊಬೈಲುಗಳು ಮೇಲೆದ್ದವು. ಮಾವ ಬಗ್ಗಿ ಬೊಗಸೆ ತುಂಬಿಕೊಂಡರು. ನಾನು ಅವರ ಮುಂದೆ ಹೋಗಿ ನನ್ನ ಬೊಗಸೆ ಹಿಡಿದೆ.

"ಮಾವ, ಈ ಸಲ ನನಗ ಕೊಡ್ರಿ."

ಮೇಲಿದ್ದವರಲ್ಲಿ ಗುಸುಗುಸು ಎದ್ದಿತು. ಒಬ್ಬ ಹಿರಿಯರು, "ಹೆಣಮಕ್ಕಳು ಕುಡಿಯೋ ಪದ್ಧತಿ ಇಲ್ರಿ, ಅಜ್ಜಾರ" ಎಂದು ಕೂಗಿದರು.

"ಹೆಣಮಕ್ಕಳು ಇಳದು ಹೊಲಸು ತಗಿಯೋ ಪದ್ಧತಿ ಐತೇನು? ತಗದಾಳಲ್ಲ. ಕುಡೀಲಿ," ಎಂದು ಮಾವ ತಮ್ಮ ಬೊಗಸೆಯ ನೀರನ್ನು ನನ್ನ ಬೊಗಸೆಗೆ ಸುರಿದರು. ಅರ್ಧ ಚೆಲ್ಲಿತು.

ಬಾಯಿಗೆ ಹಾಕಿಕೊಂಡೆ. ಸೋಪಿನ ರುಚಿ, ಫಿನಾಯಿಲಿನ ರುಚಿ, ಅವುಗಳ ಹಿಂದೆ ನನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು. ನುಂಗಿದ್ದರೆ ಕಷ್ಟವೇನೂ ಇರಲಿಲ್ಲ. ಮೇಲೆ ನಿಂತವರೆಲ್ಲ ನನ್ನ ಮದುವೆಗೆ ಉಂಡವರು, ನನ್ನ ಬಾಣಂತನಕ್ಕೆ ಕೊಬ್ಬರಿ ತಂದವರು. ಅವರ ಸಸಿ ಮಡಿಗಳು ನೀರಿಗೆ ಕಾದು ಹಳದಿಗೆ ತಿರುಗಿದ್ದವು. ಅವರ ಮುಖ ನೋಡಿದೆ. ಮಾವ ಹೋದ ವರ್ಷ ಹೇಗೆ ನುಂಗಿದರು ಎಂದು ಆಗ ಅರ್ಥವಾಯಿತು.

ಉಗುಳಿದೆ. ಮೆಟ್ಟಿಲ ಮೇಲೆ, ಎಲ್ಲರೂ ನೋಡುವ ಹಾಗೆ.

ಮೊಬೈಲುಗಳು ಇಳಿದವು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮಾಡತೊಡಗಿದರು, ಸಸಿ ಒಣಗುತ್ತವೆ, ಇವಳಿಗೆ ತಲೆ ಕೆಟ್ಟಿದೆ ಎಂದು. ಮಾವ ಕೋಲನ್ನು ಕಲ್ಲಿಗೆ ಬಡಿದರು. "ತೂಬು ಇಳಸ್ರಿ" ಎಂದರು. ನಲವತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಇಬ್ಬರು ಹುಡುಗರು ತೂಬಿನ ಕಡೆ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಬಟ್ಟೆ ಕಳಚಿಟ್ಟು ಗಂಡಸರು ಸಲಿಕೆ ಹಿಡಿದು ಕಾಲುವೆಗೆ ಇಳಿದಿದ್ದರು. ಮೊದಲು ಹೂವಿನ ಕುಂಡ ಎತ್ತಿ ದಂಡೆಗೆ ಎಸೆದರು. ನನ್ನನ್ನು ಬೈಯುತ್ತಿದ್ದುದು ಮನೆಯ ತನಕ ಕೇಳುತ್ತಿತ್ತು. ದಂಡೆ ಮೇಲೆ ಕೊಡೆ ಹಿಡಿದು ನಿಂತಿದ್ದ ಆ ಹೆಂಗಸು, "ಬುಟ್ಟಿ ಬೇಕೇನ್ರಿ ಯಜಮಾನ್ರ? ನಮ್ಮನ್ಯಾಗ ಅದಾವ" ಎಂದು ಅವರನ್ನು ಕೇಳುತ್ತಿದ್ದಳು.

ಅದಕ್ಕೂ ಮೊದಲು, ಮೆಟ್ಟಿಲಿಂದ ಮನೆಗೆ ಬರುವಾಗ ಮಾವ ನನ್ನ ತೋಳು ಹಿಡಿದುಕೊಂಡು ನಡೆದರು. ನಾನು ದಾರಿಯುದ್ದಕ್ಕೂ ಉಗುಳುತ್ತಲೇ ಇದ್ದೆ, ಆ ರುಚಿ ಹೋಗುತ್ತಿರಲಿಲ್ಲ. ಹಿತ್ತಿಲ ಬಾಳೆಯ ಹತ್ತಿರ ಬಂದಾಗ ಅವರು ನಿಂತರು.

"ಕೈಯಾಗ ಉಳಿದಿದ್ದ ಹನಿ ನಾನೂ ನೆಕ್ಕಿ ನೋಡ್ದೆ," ಅಂದರು.

"ಥೂ ಮಾವ, ಯಾಕ್ರಿ? ಡಾಕ್ಟರು ಏನಂದಾರ!"

"ಹೊಲಸೈತಿ, ಖರೆ." ಸಿಮೆಂಟು ಮೆತ್ತಿದ ನಮ್ಮ ಪೈಪಿನ ಬಾಯಿಯನ್ನು ಕೋಲಿನಿಂದ ಒಮ್ಮೆ ತಟ್ಟಿದರು. "ಹೋದ ವರ್ಷದ್ದಕ್ಕಿಂತ ಬೇಸೈತಿ."